ಬ್ಯಾಸಿಗಿ ರಜೆಲಿ ದಾವಣಗೆರೆ ಹುಡುಗ್ರು ನಾಕು ಕಾಸು ದುಡಿಯೋದು ಹೆಂಗೆ

ಎಸ್ಸೆಸ್ಸೆಲ್ಸಿ ಮುಗೀತು, ರಿಸಲ್ಟ್ ಬರೋ ತನ್ಕ ಮೊಬೈಲ್ ತಿಕ್ಕೊಂಡು ಕೂರೋ ಬದ್ಲು ಏನಾರ ಕೆಲ್ಸ ಮಾಡ್ತೀನಿ ಅನ್ನೋರು ಮೊದ್ಲು ಕಾನೂನು ಒಂಚೂರು ತಿಳ್ಕಳ್ರಿ. 14 ತುಂಬದೆ ಅಂಗಡಿ ಕೆಲ್ಸಕ್ಕೆ ಯಾರೂ ಇಟ್ಕಳಂಗಿಲ್ಲ. 14ರಿಂದ 18ರ ಒಳಗಿದ್ರೆ ಅಪಾಯದ ಕೆಲ್ಸ ಇಲ್ಲ, ರಾತ್ರಿ 7ರಿಂದ ಬೆಳಿಗ್ಗೆ 8ರ ತನ್ಕ ಕೆಲ್ಸ ಇಲ್ಲ, 3 ತಾಸು ದುಡಿದ್ರೆ 1 ತಾಸು ರೆಸ್ಟ್, ಆ ರೆಸ್ಟೂ ಸೇರಿ ದಿನಕ್ಕೆ 6 ತಾಸು ದಾಟಂಗಿಲ್ಲ. ಮಂಡಕ್ಕಿ ಭಟ್ಟಿ ಕಡೆ ಹೋಗ್ಲೇಬ್ಯಾಡ್ರಿ, ಆ ಉರಿ ಹೊಗೆ ದೊಡ್ಡೋರಿಗೇ ತಡ್ಕಳಕಾಗಲ್ಲ. ಡೆಲಿವರಿ ಆಸೆನೂ ಬಿಡ್ರಿ, 18 ಆಗ್ದೆ ಗಾಡಿ ಓಡ್ಸಿ ಸಿಕ್ಕಾಕ್ಕೊಂಡ್ರೆ 25,000 ದಂಡ ಅಪ್ಪನ ತಲೆ ಮೇಲೆ, ಜೈಲೂ ಐತೆ.

ಇನ್ನ ಸಿಗೋದು ಏನಪ್ಪಾ ಅಂದ್ರೆ, ಏಪ್ರಿಲ್-ಮೇ ಮದುವೆ ಸೀಸನ್, ಮಂಡಿಪೇಟೆ ಸುತ್ತಮುತ್ತ ಬಟ್ಟೆ ಅಂಗಡಿಲಿ ಕೈಗೆ ಜನ ಬೇಕು. ಅಪ್ಪಗೋ ಮಾಮಗೋ ಪರಿಚಯ ಇರೋ ಅಂಗಡಿನೇ ನೋಡ್ರಿ. ಮುಕ್ಕಾಲು ಕೆಲ್ಸ ಬಿಚ್ಚಿದ ಸೀರೆ ಮಡಚೋದು, ಒಂದ್ ಮನೆಯೋರು ಬಂದು ರಾಶಿ ಹಾಕ್ಸಿ ಎರಡು ತಗೊಂಡು ಹೋಗ್ತಾರೆ. ಸೆರಗು ಮೇಲೆ ಬರಂಗೆ, ಹಳೇ ಗೆರೆ ಮೇಲೇ ಮಡಚಬೇಕು, ಹೊಸ ಗೆರೆ ಬಿತ್ತೋ ಬೈಗುಳ ಗ್ಯಾರಂಟಿ. ಮೇ ಕೊನಿಗೆ ಬುಕ್ ಸ್ಟಾಲ್‌ಗಳಲ್ಲೂ ರಶ್ಶು, ನೋಟ್‌ಬುಕ್ ಎಣ್ಸೋದು, ಕಟ್ಟೋದು.

ನನ್ನ ಕೇಳಿದ್ರೆ ಇದೆಲ್ಲಕ್ಕಿಂತ ಒಳ್ಳೇದು ಸಂಡಿಗೆ, ನಗಬ್ಯಾಡ್ರಿ. ನಮ್ಮೂರ ಬಿಸಿಲು ಪುಕ್ಸಟ್ಟೆ, ಮಾಳಿಗೆ ಖಾಲಿ, ಕೆಲ್ಸಕ್ಕೆ ಹೋಗೋ ಆಂಟಿಗಳಿಗೆ ಟೈಮಿಲ್ಲ ಆದ್ರೆ ಮನೆ ಸಂಡಿಗೇನೇ ಬೇಕು. ಸಬ್ಬಕ್ಕಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಬೇಗ ಎದ್ದು ಕಾಳು ಗಾಜಿನಂಗೆ ಕಾಣೋ ತನ್ಕ ಬೇಯಿಸಿ (ಒಲೆ ಮುಂದೆ ಅಮ್ಮ ಇರ್ಲಿ), ಉಪ್ಪು ಜೀರಿಗೆ ಹಸಿಮೆಣಸಿನಕಾಯಿ ರುಬ್ಬಿ ಹಾಕಿ, ಪ್ಲಾಸ್ಟಿಕ್ ಹಾಳೆ ಮೇಲೆ ಚಮಚದಲ್ಲಿ ಬಿಡ್ರಿ. ಮಾರನೇ ದಿನ ಕಿತ್ತು ಮಗುಚಿ ಹಾಕ್ರಿ. ಬಗ್ಗಿಸಿದ್ರೆ ಬಾಗ್ತೈತೆ ಅಂದ್ರೆ ಇನ್ನೂ ಒಣಗಿಲ್ಲ ಅಂತ, ಪಟ್ ಅಂತ ಮುರಿಬೇಕು, ಇಲ್ದಿದ್ರೆ ಎಣ್ಣೆಲಿ ಅರಳಲ್ಲ, ಡಬ್ಬಿಲಿ ಬೂಸ್ಟು ಬರ್ತೈತೆ. ಒಣಗಿದ್ ಮೇಲೇ ತೂಕ ಮಾಡಿ, ಸಬ್ಬಕ್ಕಿ ಗ್ಯಾಸ್ ಕವರ್ ಖರ್ಚಿನ ಮೇಲೆ ನಿಮ್ ಕೂಲಿ ಸೇರ್ಸಿ ರೇಟ್ ಹೇಳ್ರಿ, ಅಮ್ಮನ ವಾಟ್ಸಾಪ್ ಸ್ಟೇಟಸ್ಸೇ ಅಂಗಡಿ. ಮಾರೋದು ತಿನ್ನೋ ಸಾಮಾನಾದ್ರಿಂದ ಅಮ್ಮನ ಹೆಸರಲ್ಲಿ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡ್ಕಳೋ ಸರ್ಕಾರಿ ಸಂಸ್ಥೆ) ರಿಜಿಸ್ಟ್ರೇಶನ್ ಮಾಡಿಸ್ರಿ.

ಮೆಹಂದಿ ಬರೋ ಹುಡುಗೀರಿಗೆ ಮದುವೆ ಮನೆ ಇದ್ದೇ ಐತೆ. ಗಣಿತ ಚೆನ್ನಾಗಿದ್ರೆ ಬೀದಿಯ ಚಿಕ್ಕ ಮಕ್ಳಿಗೆ ಬೆಳಿಗ್ಗೆ ಒಂದ್ ತಾಸು ಮಗ್ಗಿ-ಭಾಗಾಕಾರ ಹೇಳ್ಕೊಡ್ರಿ.

ಅಂಗಡಿ ಕೆಲ್ಸ ಆದ್ರೆ ಸೇರೋ ಮುಂಚೆನೇ ಕೂಲಿ ಎಷ್ಟು, ಯಾವತ್ತು ಕೊಡ್ತಾರೆ, ಎಷ್ಟೊತ್ತಿಗೆ ಬಿಡ್ತಾರೆ ಅಂತ ಮನೆಯೋರ ಎದ್ರಿಗೇ ಕೇಳ್ರಿ. "ನಮ್ ಹುಡುಗ, ಆಮ್ಯಾಲೆ ನೋಡನ" ಅಂದ್ರೆ ಬ್ಯಾರೆ ಅಂಗಡಿ ಹುಡುಕ್ರಿ. ತಿಂಗ್ಳಿಗೆ ಬ್ಯಾಡ, ವಾರಕ್ಕೆ ಇಸ್ಕಳ್ರಿ. ದುಡ್ಡು ಇಡಾಕೆ ನಿಮ್ ಹೆಸರಲ್ಲೇ ಬ್ಯಾಂಕ್ ಅಕೌಂಟ್ ಮಾಡ್ಬೋದು, 10 ವರ್ಷ ದಾಟಿದ್ರೆ ಸಾಕು, ಆಧಾರ್ ತಗೊಂಡು ಅಪ್ಪನೋ ಅಮ್ಮನೋ ಜೊತೆ ಹೋಗ್ರಿ.