ದ್ರಾಸ್‌ನ ಚಳಿಯಲ್ಲಿ ನನ್ನ ಲಾರಿಯ ಯೂರಿಯಾ ಲೈನು

ಲಡಾಖಿನ ದ್ರಾಸ್‌ನಲ್ಲಿ ಎರಡನೇ ಬೆಳಗ್ಗೆ ಗಾಡಿಗೆ ಪಿಕಪ್ಪೇ ಇರಲಿಲ್ಲ. ಎಕ್ಸಲೇಟರ್ ಪೂರ್ತಿ ಒತ್ತಿದರೂ ಸಣ್ಣ ಏರು ಹತ್ತಲು ಒದ್ದಾಡುತ್ತಿತ್ತು. ಮೀಟರ್ ಬೋರ್ಡಿನಲ್ಲಿ ಹೊಗೆ ಶುದ್ಧ ಮಾಡುವ ಯೂರಿಯಾ ದ್ರವದ ಲೈಟು, ಚೆಕ್ ಲೈಟು, ಮಸಿ ಹಿಡಿಯುವ ಜಾಲರಿಯಾದ ಡಿಪಿಎಫ್ ಲೈಟು ಮೂರೂ ಉರಿಯುತ್ತಿದ್ದವು. ಹೊರಗೆ ಮೈನಸ್ 17 ಡಿಗ್ರಿ. ಗಾಡಿಯಲ್ಲಿ ಬೆಂಗಳೂರಿಂದ ತಂದ ಕೇಬಲ್ ಡ್ರಮ್ಮುಗಳು. ಕಾರ್ಗಿಲ್ ಇನ್ನು ಅರವತ್ತು ಕಿಲೋಮೀಟರು ಅಷ್ಟೆ.

ನಾನು ಬಾಗೇಪಲ್ಲಿ ಕಡೆಯವನು. ನಮ್ಮೂರ ಪಕ್ಕ ಹಾದುಹೋಗುವ 44ನೇ ನಂಬರ್ ಹೆದ್ದಾರಿಯನ್ನೇ ಹಿಡಿದು ಉತ್ತರಕ್ಕೆ ಹೋಗುತ್ತಿದ್ದರೆ ಅದು ಶ್ರೀನಗರ ತಲುಪಿಸುತ್ತದೆ. ಸೇಬಿನ ಲೋಡಿಗೆ ಅಲ್ಲಿಯ ತನಕ ಹಲವು ಸಲ ಹೋಗಿದ್ದೆ. 2023ರ ಡಿಸೆಂಬರ್ ಮೊದಲ ವಾರದಲ್ಲಿ ಲಡಾಖಿನ ದಾರಿಯ ಜೋಜಿಲಾ ಘಾಟಿ ದಾಟಿದ್ದು ಮಾತ್ರ ಅದೇ ಮೊದಲು. ಗಾಡಿ 2021ರದ್ದು, ಹೊಗೆಯ ಹೊಸ ನಿಯಮಕ್ಕೆ ತಕ್ಕ ಬಿಎಸ್6. ಹಳೇ ಗಾಡಿಯಲ್ಲಿ ಚಳಿ ಎಂದರೆ ಡೀಸೆಲ್ ಗಟ್ಟಿಯಾಗುವ ಚಿಂತೆ ಒಂದೇ. ಇದರಲ್ಲಿ ಹೊಗೆ ಶುದ್ಧ ಮಾಡುವ ವ್ಯವಸ್ಥೆಯೂ ಚಳಿಗೆ ಸಿಗುತ್ತದೆ.

ಏನಾಯಿತು ಎಂದು ತಿಳಿಯಲು ಆ ವ್ಯವಸ್ಥೆ ಹೇಗೆ ನಡೆಯುತ್ತದೆ ಎನ್ನುವುದು ಸ್ವಲ್ಪ ಗೊತ್ತಿರಬೇಕು. ನಾವು ಯೂರಿಯಾ ಎಂದು ಕರೆಯುವ ಡೆಫ್‌ನಲ್ಲಿ ನೂರಕ್ಕೆ 32.5 ಭಾಗ ಯೂರಿಯಾ, ಉಳಿದದ್ದು ಲವಣ ತೆಗೆದ ಶುದ್ಧ ನೀರು. ಪಂಪು ಅದನ್ನು ಎಳೆದು ಬಿಸಿ ಸೈಲೆನ್ಸರಿಗೆ ಸಿಂಪಡಿಸುತ್ತದೆ. ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡುಗಳು ಅಲ್ಲಿ ಬರೀ ನೈಟ್ರೋಜನ್ನೂ ನೀರೂ ಆಗಿ ಹೊರಗೆ ಹೋಗುತ್ತವೆ. ಈ ಡೆಫ್ ಮೈನಸ್ 11 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದರೆ ಅದು ಕೆಡುವುದಿಲ್ಲ, ಕರಗಿದ ಮೇಲೆ ಮೊದಲಿನ ಹಾಗೆಯೇ ಇರುತ್ತದೆ. ಕರಗಿಸಲು ಇಂಜಿನ್ ತಣಿಸುವ ದ್ರವವಾದ ಬಿಸಿ ಕೂಲೆಂಟನ್ನೇ ಯೂರಿಯಾ ಟ್ಯಾಂಕಿನ ಒಳಗೆ ಒಂದು ಪೈಪಿನಲ್ಲಿ ಸುತ್ತಿಸಿ ತರುತ್ತಾರೆ. ಆ ದಾರಿಗೆ ಕರೆಂಟಿನಿಂದ ತೆರೆಯುವ ಒಂದು ಪುಟ್ಟ ವಾಲ್ವ್ ಇದೆ. ಉದ್ದದ ಪೈಪುಗಳಿಗೂ ಪಂಪಿಗೂ ಕರೆಂಟಿನ ಹೀಟರ್. ಚಳಿಯಲ್ಲಿ ಸ್ಟಾರ್ಟ್ ಮಾಡಿದ ಮೊದಲ ಗಂಟೆ ಡೆಫ್ ಸಿಂಪಡಿಸದೆ ಓಡಿದರೂ ಗಾಡಿ ಸುಮ್ಮನಿರುತ್ತದೆ, ಕರಗಲು ಸಮಯ ಬೇಕು ಎನ್ನುವುದು ಅದಕ್ಕೂ ಗೊತ್ತು. ಆಮೇಲೂ ಸಿಂಪಡಿಸಲು ಆಗದಿದ್ದರೆ ಮೊದಲು ಲೈಟು, ನಂತರ ಪಿಕಪ್ ಇಳಿಸುತ್ತದೆ, ಕೊನೆಗೆ ಆಮೆಯ ನಡಿಗೆ.

ನಾವು ದ್ರಾಸ್ ಮುಟ್ಟಿದ್ದು ಮೊದಲ ದಿನ ಸಂಜೆ. ನಾನು ಮಾಡಿದ ತಪ್ಪು ಅಲ್ಲಿಂದ ಶುರು. ಬ್ಯಾಟರಿ ಉಳಿಯಲಿ ಎಂದು ಕೀ ತಿರುಗಿಸಿದ ಕೂಡಲೇ ಕಟ್‌ಆಫ್ ಸ್ವಿಚ್ಚೂ ಆಫ್ ಮಾಡಿಬಿಟ್ಟೆ. ಊರಲ್ಲಿ ಹಾಗೆ ಮಾಡಿಯೇ ಅಭ್ಯಾಸ. ಇಂಜಿನ್ ನಿಂತ ಮೇಲೂ ಯೂರಿಯಾ ಪಂಪು ಒಂದೆರಡು ನಿಮಿಷ ಓಡಿ, ಪೈಪಿನಲ್ಲಿ ಉಳಿದದ್ದನ್ನು ಟ್ಯಾಂಕಿಗೆ ವಾಪಸ್ ಎಳೆದುಕೊಳ್ಳುತ್ತದೆ. ಸದ್ದಿಲ್ಲದ ಜಾಗದಲ್ಲಿ ನಿಂತರೆ ಆ ಗುಂಯ್ ಎನ್ನುವ ಸದ್ದು ಕೇಳುತ್ತದೆ. ಅದು ನಿಲ್ಲುವ ಮೊದಲೇ ಕರೆಂಟ್ ಕಡಿದೆ. ಪೈಪು, ಪಂಪು ಎರಡರಲ್ಲೂ ದ್ರವ ಉಳಿದು ರಾತ್ರಿ ಕಲ್ಲಾಯಿತು.

ಬೆಳಗ್ಗೆ ಯೂರಿಯಾ ಲೈಟ್ ಬಂತು. ಮುಂದೆ ರಸ್ತೆಯ ಹಿಮ ತೆಗೆಯುತ್ತಿದ್ದರು, ಯಾರನ್ನೂ ಬಿಡುತ್ತಿರಲಿಲ್ಲ. ಮತ್ತೆ ಆಫ್ ಮಾಡಿದರೆ ಸ್ಟಾರ್ಟ್ ಆಗುತ್ತದೋ ಇಲ್ಲವೋ ಎಂಬ ಭಯಕ್ಕೆ ಆ ಹಗಲು, ಆ ರಾತ್ರಿ ಇಂಜಿನ್ ಓಡುತ್ತಲೇ ಇತ್ತು. ಇದು ಎರಡನೇ ತಪ್ಪು. ನಿಂತ ಜಾಗದಲ್ಲಿ ಐಡ್ಲಿಂಗ್ ಓಡುವ ಇಂಜಿನ್ನಿನ ಹೊಗೆಗೆ ಬಿಸಿ ಸಾಲದು. ಮಸಿ ಸುಡದೆ ಡಿಪಿಎಫ್ ಜಾಲರಿಯಲ್ಲಿ ಕೂರುತ್ತಾ ಹೋಗುತ್ತದೆ.

ಹೀಗೆ ಎರಡನೇ ಬೆಳಗ್ಗೆ ಮೂರು ಲೈಟು. ಫೋನಿನಲ್ಲಿ ಒಂದು ವರ್ಕ್‌ಶಾಪಿನವರು, "ಪಂಪು ಹೋಗಿದೆ, ಟೋ ಮಾಡಿಸಿ ಶ್ರೀನಗರಕ್ಕೆ ತನ್ನಿ" ಎಂದರು. ಗಾಡಿಯನ್ನು ಕಣ್ಣಿಂದ ನೋಡದೆ ಹೇಳಿದ ಮಾತು. ಮೀಟರಿನಲ್ಲಿ ಕೋಡುಗಳನ್ನು ತೆಗೆದು ನೋಡಿದೆ. 4334 ಇತ್ತು, ಅಂದರೆ ಯೂರಿಯಾ ಪ್ರೆಶರ್ ಬರುತ್ತಿಲ್ಲ. 3363 ಕೂಡ ಇತ್ತು, ಅದು ಟ್ಯಾಂಕ್ ಹೀಟರಿನದ್ದು. ಇಂಥ ಹೊತ್ತಲ್ಲಿ ಪ್ರೆಶರಿನ ಕೋಡು ನೋಡಿ ಪಂಪಿಗೆ ಕೈ ಹಾಕಬಾರದು. ಕುಡಿಯಲು ನೀರೇ ಇಲ್ಲದಿರುವಾಗ ಪಂಪು ಏನನ್ನು ಎತ್ತಬೇಕು? ಹೀಟರಿನ ಕೋಡನ್ನೇ ಮೊದಲು ಹಿಡಿಯಬೇಕು.

ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟೆ. ಒಳಗೆ ಬೆಳ್ಳಗೆ ಗಡ್ಡೆ, ಸ್ಕ್ರೂಡ್ರೈವರ್ ತಾಗಿಸಿದರೆ ಟಣ್ ಎಂದಿತು. ಆಗ ಹೊಳೆಯಿತು. ಇಪ್ಪತ್ತನಾಲ್ಕು ಗಂಟೆ ಇಂಜಿನ್ ಓಡಿದೆ, ಕ್ಯಾಬಿನ್ ಹೀಟರಿನಲ್ಲಿ ಬಿಸಿ ಗಾಳಿ ಬರುತ್ತಿದೆ, ಅಂದರೆ ಕೂಲೆಂಟಿಗೆ ಬಿಸಿಯಿದೆ. ಆದರೂ ಒಂದು ಹನಿ ಕರಗಿಲ್ಲ. ಬಿಸಿ ಇಲ್ಲಿಯ ತನಕ ಬಂದೇ ಇಲ್ಲ.

ಗ್ಲೌಸ್ ತೆಗೆದು ಹೋಸ್ ಪೈಪನ್ನು ಇಂಜಿನ್ ಕಡೆಯಿಂದ ಕೈಯಲ್ಲಿ ಮುಟ್ಟುತ್ತಾ ಬಂದೆ. ವಾಲ್ವಿನ ತನಕ ಹಿಡಿಯಲಾರದಷ್ಟು ಬಿಸಿ. ವಾಲ್ವ್ ದಾಟಿದ ಒಂದು ಗೇಣಿನಲ್ಲೇ ಬೆರಳು ಅಂಟಿಕೊಳ್ಳುವ ಚಳಿ. ಇದಕ್ಕಿಂತ ಸ್ಪಷ್ಟವಾಗಿ ಯಾವ ಮೆಷೀನೂ ಹೇಳಲಾರದು. ವಾಲ್ವಿನ ಸಾಕೆಟ್ ಬಿಚ್ಚಿ ಟೆಸ್ಟ್ ಲ್ಯಾಂಪ್ ಇಟ್ಟೆ, ದೀಪ ಹತ್ತಿತು. ಕರೆಂಟ್ ಬರುತ್ತಿದೆ, ತೆರೆ ಎಂದು ಕಂಪ್ಯೂಟರ್ ಹೇಳುತ್ತಿದೆ, ವಾಲ್ವ್ ಕೇಳುತ್ತಿಲ್ಲ. ಜಾಮ್ ಆಗಿದೆ.

ಅಷ್ಟು ಹೊತ್ತಿಗೆ ಸುತ್ತ ಐದಾರು ಜನ ಸೇರಿ ಸಲಹೆ ಕೊಡಲು ಶುರು ಮಾಡಿದ್ದರು. ಟ್ಯಾಂಕಿನ ಕೆಳಗೆ ಬಟ್ಟೆ ಸುಡು ಎಂದರು ಒಬ್ಬರು. ಹಳೇ ಗಾಡಿಗಳ ಕಬ್ಬಿಣದ ಡೀಸೆಲ್ ಟ್ಯಾಂಕಿಗೆ ಹಾಗೆ ಮಾಡಿದವರನ್ನು ನಾನೂ ಕಂಡಿದ್ದೇನೆ. ಇಲ್ಲಿ ಟ್ಯಾಂಕು ಪ್ಲಾಸ್ಟಿಕ್, ಪಕ್ಕದಲ್ಲೇ ವೈರಿಂಗು. ಬಿಸಿನೀರು ಸುರಿ ಎಂದರು ಇನ್ನೊಬ್ಬರು. ಸುರಿದರೆ ಡೆಫ್ ತೆಳ್ಳಗಾಗಿ, ನಾಳೆ ಇನ್ನೂ ಬೇಗ ಹೆಪ್ಪುಗಟ್ಟುತ್ತದೆ, ಹೊಗೆಯೂ ಶುದ್ಧವಾಗುವುದಿಲ್ಲ. ಒಬ್ಬ ಮೆಕ್ಯಾನಿಕ್ ಮೆಲ್ಲಗೆ ಬದಿಗೆ ಕರೆದು, ಯೂರಿಯಾ ಸರಿಯಾಗಿ ಹೋಗುತ್ತಿದೆ ಎಂದು ಕಂಪ್ಯೂಟರಿಗೆ ಸುಳ್ಳು ಹೇಳುವ ಡಬ್ಬಿಯೊಂದನ್ನು ಹಾಕಿಕೊಡುತ್ತೇನೆ ಎಂದ. ಬೇಡ ಎಂದೆ. ಕಾನೂನಿನ ಮಾತು ಹಾಗಿರಲಿ. ಸೈಲೆನ್ಸರ್ ಪಕ್ಕ ನಿಂತು ಇಪ್ಪತ್ತು ವರ್ಷ ಹೊಗೆ ಕುಡಿದವನು ನಾನು. ಬಿಎಸ್6 ಗಾಡಿಯ ಹಿಂದೆ ನಿಂತಾಗ ಕಣ್ಣು ಉರಿಯದಿದ್ದದ್ದು ನನಗೆ ದೊಡ್ಡ ವಿಷಯ. ಆ ಊರಿನ ಮಕ್ಕಳು ಸಾಲು ಲಾರಿಗಳ ಪಕ್ಕದಲ್ಲೇ ಶಾಲೆಗೆ ನಡೆದುಹೋಗುತ್ತಿದ್ದರು.

ವಾಲ್ವಿನ ಸಾಕೆಟ್ಟಿಗೆ ಪ್ಲಾಸ್ಟಿಕ್ ಸುತ್ತಿ, ಬಿಸಿನೀರಲ್ಲಿ ಹಿಂಡಿದ ಬಟ್ಟೆಯನ್ನು ವಾಲ್ವಿನ ಮೈಗೆ ಹೊದಿಸಿದೆ. ನಾಲ್ಕೈದು ಸಲ ಬಟ್ಟೆ ಬದಲಾಯಿಸಿ, ಸ್ಪ್ಯಾನರಿನ ಹಿಡಿಯಿಂದ ಹಗುರವಾಗಿ ತಟ್ಟುತ್ತಾ ಹೋದೆ. ನಮ್ಮ ಹುಡುಗ ಟ್ಯಾಂಕಿನ ಕಡೆಯ ಹೋಸನ್ನು ಹಿಡಿದುಕೊಂಡೇ ಕೂತಿದ್ದ. "ಅಣ್ಣಾ, ಬೆಚ್ಚಗಾಯ್ತು! ಅಣ್ಣಾ, ಸುಡ್ತಿದೆ!" ಎಂದು ಅವನು ಕೂಗಿದ್ದು ಇವತ್ತಿಗೂ ಕಿವಿಯಲ್ಲಿದೆ.

ರೇಡಿಯೇಟರಿಗೆ ಅರ್ಧ ರಟ್ಟು ಮುಚ್ಚಿ, ಇಂಜಿನ್ನನ್ನು ಸಾವಿರದ ಇನ್ನೂರು ಆರ್‌ಪಿಎಂನಲ್ಲಿ ನಿಲ್ಲಿಸಿದೆ. ಟ್ಯಾಂಕು ಕರಗಲು ಒಂದೂವರೆ ಗಂಟೆ ಬೇಕಾಯಿತು. ಪಂಪು ಒಡೆದಿರಬಹುದು ಎಂಬ ಅಳುಕಿತ್ತು, ಏಕೆಂದರೆ ಡೆಫ್ ಹೆಪ್ಪುಗಟ್ಟಿದಾಗ ಸುಮಾರು ನೂರಕ್ಕೆ ಏಳು ಭಾಗ ಹಿಗ್ಗುತ್ತದೆ. ಪುಣ್ಯಕ್ಕೆ ಒಡೆದಿರಲಿಲ್ಲ. ಅದರದೇ ಹೀಟರಿನಲ್ಲಿ ಕರಗಿ ಪ್ರೆಶರ್ ಬಂತು, 4334 ತಾನಾಗಿಯೇ ಹೋಯಿತು. ನಮ್ಮ ಸಾಲಿನ ಇನ್ನೊಂದು ಗಾಡಿಗೆ ಆ ಅದೃಷ್ಟ ಇರಲಿಲ್ಲ. ಟ್ಯಾಂಕನ್ನು ಕತ್ತಿನ ತನಕ ತುಂಬಿಸಿಕೊಂಡು ಬಂದಿದ್ದರು, ಒಳಗಿನ ಸೆನ್ಸರ್ ಮುರಿದಿತ್ತು.

ಡಿಪಿಎಫ್ ಲೈಟನ್ನು ಕೊನೆಗೆ ಇಟ್ಟುಕೊಂಡಿದ್ದೆ. ಯೂರಿಯಾ ಕಡೆಯ ದೋಷ ಇರುವಾಗ, ಕೂತ ಮಸಿಯನ್ನು ಸುಟ್ಟು ತೆಗೆಯುವ ರೀಜೆನ್ ಬಟನ್ ಒತ್ತಿದರೂ ಗಾಡಿ ಒಪ್ಪುವುದಿಲ್ಲ. ಬಟನ್ ಒತ್ತಿ ಒತ್ತಿ ಬೇಸತ್ತು ಜಾಲರಿಯೇ ಹೋಯಿತು ಎಂದುಕೊಳ್ಳುವವರು ಬಹಳ. ಕಾರ್ಗಿಲ್‌ವರೆಗೆ ಕಡಿಮೆ ಗೇರಿನಲ್ಲಿ ಇಂಜಿನ್ನನ್ನು ಬಿಸಿಯಾಗಿಯೇ ಓಡಿಸಿ, ಅಲ್ಲಿ ಖಾಲಿ ಮೈದಾನದಲ್ಲಿ ನಿಲ್ಲಿಸಿ ರೀಜೆನ್ ಕೊಟ್ಟೆ. ಸೈಲೆನ್ಸರ್ ಆಗ ಐನೂರು ಡಿಗ್ರಿ ದಾಟುತ್ತದೆ. ಸುತ್ತ ಒಣಹುಲ್ಲು, ತಾಡಪಾಲಿನ ಹಗ್ಗ, ಮನುಷ್ಯರು ಯಾರೂ ಇರಬಾರದು. ನಲವತ್ತು ನಿಮಿಷಕ್ಕೆ ಲೈಟ್ ಆರಿತು.

ಡೀಸೆಲ್ ಬಗ್ಗೆ ಒಂದೇ ಮಾತು. ಬಯಲಿನ ಡೀಸೆಲ್ ತುಂಬಿಕೊಂಡು ಮೇಲೆ ಹತ್ತಬೇಡಿ. ಲಡಾಖಿಗೆಂದೇ ಇಂಡಿಯನ್ ಆಯಿಲ್ 2019ರಲ್ಲಿ ತಂದ ಚಳಿಗಾಲದ ಡೀಸೆಲ್ ಮೈನಸ್ 33 ಡಿಗ್ರಿವರೆಗೂ ಹರಿಯುತ್ತದೆ. ಸೀಮೆಎಣ್ಣೆ ಬೆರೆಸುವ ಹಳೇ ಉಪಾಯ ಬಿಎಸ್6ಗೆ ಬೇಡ. ಅದರ ಗಂಧಕ ಸೈಲೆನ್ಸರಿನ ಒಳಗಿನ ಲೇಪವನ್ನು ತಿಂದುಹಾಕುತ್ತದೆ.

ಊರಿಗೆ ಬಂದ ಮೇಲೆ ವಾಲ್ವ್ ಬಿಚ್ಚಿಸಿ ಹೊಸದು ಹಾಕಿಸಿದೆ. ಹಳೆಯದನ್ನು ನಾನೇ ತೆರೆದು ನೋಡಿದೆ. ಒಳಗಿನ ಪಿನ್ನಿನ ಸುತ್ತ ಬಿಳಿ ಗಾರೆಯಂಥ ಪದರ, ಅದರ ಮೇಲೆ ತುಕ್ಕು. ಉಗುರಲ್ಲಿ ಕೆರೆದರೆ ಪುಡಿಪುಡಿಯಾಗಿ ಉದುರಿತು. ಅದು ಏನೆಂದು ನೋಡಿದ ಕೂಡಲೇ ಗೊತ್ತಾಯಿತು, ನಮ್ಮ ಮನೆಯ ಪಾತ್ರೆಗಳ ತಳದಲ್ಲೂ ಅದೇ ಇದೆ. ಎರಡು ವರ್ಷ ಕೂಲೆಂಟ್ ಕಮ್ಮಿಯಾದಾಗಲೆಲ್ಲ ಶೆಡ್ಡಿನ ಬೋರ್‌ವೆಲ್ ಪೈಪಿನಿಂದಲೇ ನೀರು ತುಂಬಿಸಿದ್ದೆ. ಹೊರಡುವ ಮುಂಚೆ ಹೊಸ ಕೂಲೆಂಟನ್ನು ಅರ್ಧಕ್ಕರ್ಧ ಹಾಕಿಸಿದ್ದು ನಿಜ. ಒಳಗೆ ಕೂತ ಗಾರೆ ಅದಕ್ಕೆ ಹೋಗುತ್ತದೆಯೇ? ನಮ್ಮ ಬಿಸಿಲಲ್ಲಿ ಆ ವಾಲ್ವಿಗೆ ಒಂದು ದಿನವೂ ಕೆಲಸ ಬಿದ್ದಿರಲಿಲ್ಲ, ಹಾಗಾಗಿ ಜಾಮ್ ಆದದ್ದು ಯಾರಿಗೂ ತಿಳಿಯಲಿಲ್ಲ.

ಆಮೇಲೆ ಎರಡು ಚಳಿಗಾಲ ಹೋಗಿ ಬಂದಿದ್ದೇನೆ. ಈಗ ಬಾಟಲಿಯಲ್ಲಿ ಸಿಗುವ ಶುದ್ಧ ನೀರು, ಕೂಲೆಂಟ್ ಬಿಟ್ಟು ರೇಡಿಯೇಟರಿಗೆ ಬೇರೇನೂ ಇಲ್ಲ. ಮೇಲೆ ಹತ್ತುವಾಗ ಯೂರಿಯಾ ಟ್ಯಾಂಕು ಮುಕ್ಕಾಲು ಮಾತ್ರ. ಕೀ ತಿರುಗಿಸಿದ ಮೇಲೆ ಪಂಪಿನ ಸದ್ದು ನಿಲ್ಲುವ ತನಕ ಕಟ್‌ಆಫ್ ಮುಟ್ಟುವುದಿಲ್ಲ, ಹುಡುಗನಿಗೂ ಕಲಿಸಿದ್ದೇನೆ. ಅಕ್ಟೋಬರ್ ಬಂತೆಂದರೆ ವಾಲ್ವಿನ ಸಾಕೆಟ್ ಬಿಚ್ಚಿ, ಬ್ಯಾಟರಿಯಿಂದ ವೈರ್ ಎಳೆದು 24 ವೋಲ್ಟ್ ಮುಟ್ಟಿಸಿ ಕಿವಿ ಹತ್ತಿರ ಇಡುತ್ತೇನೆ. ಮೊನ್ನೆಯೂ ಮುಟ್ಟಿಸಿದೆ. ಟಕ್ ಎಂದಿತು.