ಗೇಲಿಕ್ ಜಾಗದ ಹೆಸರನ್ನ ಮ್ಯಾಪಿಗೆ ಸರಿಯಾಗಿ ಬರ್ಕೊಳ್ಳೋದು ಹೇಗೆ

ಸ್ಕಾಟ್ಲೆಂಡಿನ ಗುಡ್ಡಗಾಡು ಸೀಮೆ ಹೈಲ್ಯಾಂಡ್ಸ್ ಮ್ಯಾಪ್ ಬಿಚ್ಚಿದ್ರೆ ಗುಡ್ಡ, ಹಳ್ಳ, ಬಂಡೆ ಎಲ್ಲದಕ್ಕೂ ಅಲ್ಲಿನ ಹಳೇ ಭಾಷೆ ಗೇಲಿಕ್‌ನಲ್ಲಿ ಒಂದೊಂದು ಹೆಸರು, ಆದ್ರೆ ಎಷ್ಟೋ ಹೆಸರು ಇಂಗ್ಲಿಷ್ ಕಿವಿಗೆ ಕೇಳಿಸಿದ ಹಾಗೆ ಬರೆದಿದ್ದು, ನಮ್ಮ ತುಮಕೂರು ಟುಮ್ಕೂರ್ ಆಗಿ ಕೂತಿತ್ತಲ್ಲ, ಹಾಗೇನೇ.

ಮೊದಲು ಚಿಕ್ಕ ಜಾಗ ಹಿಡ್ಕೊಳ್ಳಿ, ಒಂದು ಕಣಿವೆ ಸಾಕು. ಅಲ್ಲಿನ ಹಳೇ ಸ್ಪೆಲ್ಲಿಂಗ್ ಎಲ್ಲ ಒಂದೇ ಕಡೆ ಹಾಕಿ. 1654ರ ಮ್ಯಾಪ್ ಪುಸ್ತಕ ಬ್ಲೌ ಅಟ್ಲಾಸ್ ಇದೆ, ಸರ್ಕಾರಿ ಮ್ಯಾಪ್ ಸಂಸ್ಥೆ ಆರ್ಡ್ನೆನ್ಸ್ ಸರ್ವೇ 19ನೇ ಶತಮಾನದಲ್ಲಿ ಜಾಗದ ಹೆಸರು ಬರೆದಿಟ್ಟ ನೇಮ್ ಬುಕ್‌ಗಳಿವೆ, ಎರಡೂ ಆನ್‌ಲೈನ್ ಸಿಗುತ್ತೆ. ನೇಮ್ ಬುಕ್ಕಲ್ಲಿ ಹೆಸರಿನ ಪಕ್ಕ, ಈ ಸ್ಪೆಲ್ಲಿಂಗ್ ಸರಿ ಅಂತ ಹೇಳಿದವರು ಯಾರು ಅನ್ನೋ ಕಾಲಂ ಇರುತ್ತೆ, ಅದನ್ನ ತಪ್ಪದೆ ಓದಿ. ಜಮೀನ್ದಾರ, ಅವನ ಏಜೆಂಟು, ಪಾದ್ರಿ, ಮೇಷ್ಟ್ರು ಇವರೇ ಜಾಸ್ತಿ. ಅಲ್ಲೇ ಕುರಿ ಮೇಯಿಸ್ಕೊಂಡು ದಿನಾ ಆ ಹೆಸರು ಕರೀತಿದ್ದೋರ ಮಾತಿಗೆ ಅಷ್ಟು ಬೆಲೆ ಇರ್ಲಿಲ್ಲ.

ಅದಕ್ಕೇ ಊರಿಗೆ ಹೋಗಲೇಬೇಕು, ಇದನ್ನ ಮಾತ್ರ ಮುಂದಕ್ಕೆ ಹಾಕ್ಬೇಡಿ, ಪುಸ್ತಕ ಎಲ್ಲೂ ಹೋಗಲ್ಲ ಆದ್ರೆ ಗೇಲಿಕ್ ಆಡೋ ಅಜ್ಜಿ ಬಾಯಲ್ಲಿರೋ ಹೆಸರು ಅಜ್ಜಿ ಜೊತೆ ಹೋಗಿಬಿಡುತ್ತೆ. ಕೇಳ್ಕೊಂಡು ರೆಕಾರ್ಡರ್ ಆನ್ ಮಾಡಿ. ಮ್ಯಾಪಲ್ಲಿರೋ ಹೆಸರನ್ನ ನೀವೇ ಮೊದಲು ಹೇಳ್ಬೇಡಿ, ಹೇಳಿದ್ರೆ ಅವರೂ ಅದನ್ನೇ ಹೇಳ್ತಾರೆ. ಸುಮ್ನೆ ಗುಡ್ಡ ತೋರಿಸಿ ಇದಕ್ಕೇನಂತೀರಿ ಅಂತ ಕೇಳಿ. ಒತ್ತು ಎಲ್ಲಿ ಬೀಳುತ್ತೆ ಅಂತಲೂ ಗುರುತು ಹಾಕಿ. ಗೇಲಿಕ್‌ನಲ್ಲಿ ಯಾವುದು, ಯಾರದು ಅಂತ ಹೇಳೋ ಪದ ಕೊನೆಗೆ ಬರುತ್ತೆ, ಒತ್ತೂ ಅದರ ಮೇಲೇ. ಇನ್ವರ್ನೆಸ್ ಅನ್ನುವಾಗ ಜೋರಾಗಿ ಕೇಳಿಸೋದು ನೆಸ್. ಇನ್ವರ್ ಅಂದ್ರೆ ನದಿ ಬಾಯಿ, ನೆಸ್ ನದಿ ಸಮುದ್ರ ಸೇರೋ ಜಾಗ.

ಆಮೇಲೆ ಹೆಸರನ್ನ ಬಿಡಿಸಿ. ಲಾಖ್ ನೆಸ್ ಸರೋವರದ ಪಕ್ಕದ ಹಳ್ಳಿ ಡ್ರಮ್ನಡ್ರಾಕಿಟ್ ತಗೊಳ್ಳಿ. ದ್ರುಯ್ಮ್ ಅಂದ್ರೆ ಬೆನ್ನು, ದ್ರೊಖಿಚ್ ಅಂದ್ರೆ ಸೇತುವೆ, ಮಧ್ಯದ ನ ಷಷ್ಠಿ ಥರ, ಒಟ್ಟು ಸೇತುವೆಯ ದಿಣ್ಣೆ. ಗೇಲಿಕ್‌ನಲ್ಲಿ ನೆಲಕ್ಕೆ ಮೈ ಇದೆ, ದಿಣ್ಣೆ ಬೆನ್ನು, ಚೂಪಾಗಿ ಮುಂದೆ ಬಂದ ಗುಡ್ಡ ಸ್ರೋನ್ ಅಂದ್ರೆ ಮೂಗು. ನನಗೆ ಬಹಳ ಇಷ್ಟ ಇದು.

ಇಲ್ಲಿ ಮೋಸ ಹೋಗೋದೂ ಸುಲಭ. ಕಿಲ್ಮಾರ್ನಕ್‌ನ ಕಿಲ್ ಅಂದ್ರೆ ಚರ್ಚು, ಕಿಲ್ಲಿಕ್ರಾಂಕಿಯ ಕಿಲ್ಲಿ ಅಂದ್ರೆ ಕಾಡು. ಇಂಗ್ಲಿಷ್ ಸ್ಪೆಲ್ಲಿಂಗಲ್ಲಿ ಎರಡೂ ಒಂದೇ ಥರ ಕಾಣುತ್ತೆ, ಹಾಗಾಗಿ ಜಾಗದಲ್ಲಿ ನಡೆದು ನೋಡಿ, ಹಳೇ ಸ್ಮಶಾನ, ಚರ್ಚಿನ ಗೋಡೆ ಏನಾದ್ರೂ ಇದ್ಯಾ ಅಂತ.

ಸ್ಪೆಲ್ಲಿಂಗ್ ಬರೆಯುವಾಗ ಈಗಿನ ಗೇಲಿಕ್ ರೂಲ್ಸ್ ಹಿಡೀರಿ. ಸ್ವರದ ಮೇಲಿನ ಗೀಟು ಒಂದೇ ಕಡೆಗೆ ವಾಲುತ್ತೆ, ಎಡದಿಂದ ಬಲಕ್ಕೆ ಇಳಿಯೋದು; ಐರ್ಲೆಂಡಿನ ಐರಿಷ್‌ನಲ್ಲಿ ಉಲ್ಟಾ. ಮೋರ್ ಅಂದ್ರೆ ದೊಡ್ಡದು, ಆದ್ರೆ ಬೆಟ್ಟಕ್ಕಿರೋ ಬೇನ್ ಅನ್ನೋ ಪದ ಸ್ತ್ರೀಲಿಂಗ ಆದ್ರಿಂದ ಅದರ ಮುಂದೆ ಬಂದಾಗ ಎಂ ಪಕ್ಕ ಎಚ್ ಸೇರಿ ವೋರ್ ಆಗುತ್ತೆ. ಆ ಎಚ್ ಬಿಟ್ರೆ ತಪ್ಪು.

ಕೊನೆಗೆ ಒಂದು ಹೆಸರಿಗೆ ಒಂದು ಕಾರ್ಡು: ಮ್ಯಾಪಲ್ಲಿ ಜಾಗ ಎಲ್ಲಿದೆ ಅಂತ ಹೇಳೋ ಗ್ರಿಡ್ ನಂಬರ್, ಮ್ಯಾಪಿನ ರೂಪ, ಗೇಲಿಕ್ ರೂಪ, ಅರ್ಥ, ಹೇಳಿದವರ ಊರು, ಆಡಿಯೋ ನಂಬರ್. ಅರ್ಥ ಗ್ಯಾರಂಟಿ ಇಲ್ದಿದ್ರೆ ಖಾಲಿ ಬಿಡಿ, ಕಥೆ ಕಟ್ಬೇಡಿ. ಸ್ಕೈ ದ್ವೀಪದ ಸಾವಲ್ ಮೋರ್ ಓಸ್ಟಿಗ್ ಕಾಲೇಜಲ್ಲಿ ಎನಮನ್ ಆಚ ನ ಹಲಪ ಅನ್ನೋ ಸಂಸ್ಥೆ ಇದೆ, ಮ್ಯಾಪು, ರೋಡ್ ಬೋರ್ಡಿಗೆ ಗೇಲಿಕ್ ಹೆಸರಿನ ಸಲಹೆ ಕೊಡೋರು ಅವರೇ, ಅವರಿಗೆ ಕಳಿಸಿ. ಕಳಿಸೋ ಮುಂಚೆ ಅದೇ ಅಜ್ಜಿ ಹತ್ರ ಹೋಗಿ ಬರೆದದ್ದನ್ನ ಓದಿ ಹೇಳಿ, ಅಲ್ಲ ಅಂದ್ರೆ ಇನ್ನೊಂದ್ಸಲ ರೆಕಾರ್ಡ್ ಮಾಡಿ.