ಒಂದು ರ‍್ಯಾಕ್‌ಗೆ ಮೂವರು: ಕಾಲೇಜು ಫುಟ್‌ಬಾಲ್ ವೇಟ್ ರೂಮಿನಲ್ಲಿ ನನ್ನ ಅನುಭವ

ಅಮೆರಿಕದ ಕಾಲೇಜು ಫುಟ್‌ಬಾಲ್ ಅಂದರೆ ಹೆಲ್ಮೆಟ್ ತೊಟ್ಟು, ಮೊಟ್ಟೆಯಾಕಾರದ ಚೆಂಡಿನಲ್ಲಿ ಆಡುವ ಆಟ. ಪಂದ್ಯಗಳು ಆಗಸ್ಟ್ ಕೊನೆಗೆ ಶುರುವಾಗುತ್ತವೆ, ಜನ ನೋಡುವುದು ಅಲ್ಲಿಂದಾಚೆಗಿನ ನಾಲ್ಕು ತಿಂಗಳನ್ನು. ಆಟಗಾರರ ಮೈಬಲ ಬೆಳೆಸುವ ಸ್ಟ್ರೆಂತ್ ಕೋಚ್‌ಗಳಾದ ನಮ್ಮ ಕೆಲಸದ ತಿರುಳು ಮಾತ್ರ ಜನವರಿ ಮಧ್ಯದಿಂದ ಮಾರ್ಚ್‌ವರೆಗಿನ ಎಂಟು ವಾರಗಳಲ್ಲಿದೆ. ಸೀಸನ್ ಇಲ್ಲದ ಈ ದಿನಗಳಲ್ಲಿ, ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆಯಾದ ಎನ್‌ಸಿಎಎ ನಿಯಮದಂತೆ, ಒಬ್ಬ ಆಟಗಾರನಿಗೆ ವಾರಕ್ಕೆ 8 ಗಂಟೆಗಿಂತ ಹೆಚ್ಚು ಕಡ್ಡಾಯ ತರಬೇತಿ ಕೊಡುವಂತಿಲ್ಲ. 75 ನಿಮಿಷದ ನಾಲ್ಕು ವೇಟ್ ಸೆಷನ್, 45 ನಿಮಿಷದ ಎರಡು ಓಟ ಅಂತ ನಾನು ಹಂಚಿಕೊಳ್ಳುತ್ತೇನೆ. ಉಳಿದ ಒಂದೂವರೆ ಗಂಟೆ ಬೇರೆ ಕೋಚ್‌ಗಳ ಮೀಟಿಂಗಿಗೆ.

ಹುಡುಗರಲ್ಲಿ ಹುಮ್ಮಸ್ಸು ತುಂಬುವುದು ಹೇಗೆ ಅಂತ ಬಹಳ ಜನ ಕೇಳುತ್ತಾರೆ. ಬೆಳಿಗ್ಗೆ ಆರಕ್ಕೆ ಕೂಗಿ ಹೇಳಿದ ಮಾತು ವಾರ್ಮ್-ಅಪ್ ಮುಗಿಯುವಷ್ಟರಲ್ಲಿ ಆರಿಹೋಗಿರುತ್ತದೆ. ಹುಡುಗನ ಪಕ್ಕದಲ್ಲಿ ಯಾರು ನಿಂತಿದ್ದಾರೆ, ಅವನ ದಿನದ ವ್ಯಾಯಾಮದ ಲೆಕ್ಕ ಇಡುವ ಕಾರ್ಡಿನಲ್ಲಿ ಏನು ಬರೆಯಲಾಗುತ್ತಿದೆ, ತಡವಾಗಿ ಬಂದರೆ ಏನಾಗುತ್ತದೆ, ಈ ಮೂರನ್ನು ಸರಿಯಾಗಿ ಕಟ್ಟಿದರೆ ಹುಮ್ಮಸ್ಸು ಎಂಟು ವಾರ ನಿಲ್ಲುತ್ತದೆ.

ಮೊದಲು ಪಕ್ಕದಲ್ಲಿ ನಿಲ್ಲುವವರ ವಿಷಯ. ತಂಡದಲ್ಲಿ 105 ಜನ. 35ರಂತೆ ಮೂರು ಬ್ಯಾಚ್, ಬಾರ್ ಇಡುವ ಉಕ್ಕಿನ ಚೌಕಟ್ಟುಗಳಾದ 12 ರ‍್ಯಾಕ್, ಒಂದು ರ‍್ಯಾಕ್‌ಗೆ ಮೂವರು. ಇಬ್ಬರೇ ಉಳಿಯುವ ರ‍್ಯಾಕ್‌ಗೆ ಸಹಾಯಕ ಕೋಚ್ ಮೂರನೆಯವನಾಗುತ್ತಾನೆ. ಮೂವರೇ ಯಾಕೆ ಅಂದರೆ, ಐದು ರೆಪ್‌ನ (ಒಂದು ರೆಪ್ ಅಂದರೆ ಭಾರ ಹೊತ್ತು ಒಮ್ಮೆ ಕೂತು ಏಳುವುದು) ಒಂದು ಸ್ಕ್ವಾಟ್ ಸೆಟ್‌ಗೆ 20–25 ಸೆಕೆಂಡ್, ಪ್ಲೇಟ್ ಬದಲಾಯಿಸಿ ಇನ್ನೊಬ್ಬ ಬಾರ್ ಕೆಳಗೆ ಬರಲು ಹೆಚ್ಚುಕಡಿಮೆ ಅಷ್ಟೇ. ಮೂವರಿದ್ದರೆ ಪ್ರತಿಯೊಬ್ಬನಿಗೂ ತಾನಾಗಿಯೇ ಒಂದೂವರೆಯಿಂದ ಎರಡು ನಿಮಿಷ ವಿಶ್ರಾಂತಿ ಸಿಗುತ್ತದೆ, ಮೂವರ ಕೈಗೂ ಸದಾ ಕೆಲಸವಿರುತ್ತದೆ. ಒಬ್ಬ ಎತ್ತುತ್ತಾನೆ, ಒಬ್ಬ ಹಿಂದೆ ನಿಂತು ಕಾಯುತ್ತಾನೆ, ಇನ್ನೊಬ್ಬ ಕಾರ್ಡ್ ಬರೆಯುತ್ತಾನೆ. ನಾಲ್ವರಾದರೆ ಒಬ್ಬ ಗೋಡೆಗೆ ಒರಗುತ್ತಾನೆ, ಹರಟೆ ಅಲ್ಲಿಂದ ಶುರುವಾಗುತ್ತದೆ. ಭಾರದ ದಿನಗಳಲ್ಲಿ ಎರಡು ನಿಮಿಷ ಸಾಲದು. ಆಗ ಸೆಟ್‌ಗಳ ನಡುವೆ ಸೊಂಟ ಸಡಿಲಿಸುವ ಒಂದು ವ್ಯಾಯಾಮ ಸೇರಿಸಿ ಮೂರು ನಿಮಿಷ ಮಾಡುತ್ತೇನೆ.

ಮೂವರನ್ನು ಆರಿಸುವುದರಲ್ಲಿ ನಾನು ಬೇರೆ ಯಾವುದಕ್ಕಿಂತಲೂ ಹೆಚ್ಚು ಹೊತ್ತು ಕಳೆಯುತ್ತೇನೆ. ಒಂದು ಹಳೆಯ ತಲೆ, ಒಂದು ನಡುವಿನದು, ಒಂದು ಹೊಸದು. ಸ್ಕಾಲರ್‌ಶಿಪ್ ಇರುವವನೂ ತನ್ನ ಖರ್ಚಿನಲ್ಲೇ ಓದುವ ವಾಕ್-ಆನ್ ಹುಡುಗನೂ ಒಂದೇ ರ‍್ಯಾಕ್‌ನಲ್ಲಿ. ಆದರೆ ಶಕ್ತಿಯಲ್ಲಿ ತೀರಾ ಅಂತರ ಇರಬಾರದು. 500 ಪೌಂಡ್ (ಸುಮಾರು 227 ಕಿಲೋ) ಸ್ಕ್ವಾಟ್ ಮಾಡುವ ಲೈನ್‌ಮನ್ (ಮುಂಚೂಣಿಯ ಸಾಲಿನಲ್ಲಿ ಆಡುವ ದೈತ್ಯ) ಜೊತೆ 300 ಪೌಂಡ್‌ನ ಹುಡುಗನನ್ನು ಹಾಕಿದರೆ ಪ್ರತಿ ಸೆಟ್‌ಗೂ ನಾಲ್ಕು ದೊಡ್ಡ ಪ್ಲೇಟ್ ಇಳಿಸಿ ಏರಿಸಬೇಕು. ಎರಡನೇ ವಾರಕ್ಕೇ ದೊಡ್ಡವನಿಗೆ ಬೇಸರ, ಚಿಕ್ಕವನಿಗೆ ಸಂಕೋಚ. ಸಂಕೋಚಕ್ಕೆ ಬಿದ್ದವನು ತನ್ನ ಅಳತೆ ಮೀರಿ ಪ್ಲೇಟ್ ಹಾಕುತ್ತಾನೆ, ಬೆನ್ನು ನೋಯಿಸಿಕೊಳ್ಳುತ್ತಾನೆ. ಅಂತರ 60 ಪೌಂಡ್ ದಾಟದಂತೆ ನೋಡಿಕೊಳ್ಳುತ್ತೇನೆ. ಹಾಗಾಗಿ ಲೈನ್‌ಮನ್‌ಗಳು ಬಹುಪಾಲು ಲೈನ್‌ಮನ್‌ಗಳ ಜೊತೆಯೇ ಇರುತ್ತಾರೆ. ಅದಕ್ಕೆ ಬದಲಾಗಿ ಅಫೆನ್ಸ್‌ನವನನ್ನೂ ಡಿಫೆನ್ಸ್‌ನವನನ್ನೂ ಬೆರೆಸುತ್ತೇನೆ.

ರ‍್ಯಾಕ್ ಒಳಗಿನ ನಿಯಮಗಳು ಕೆಲವೇ. ಬಾರ್ ಜಾರಿದರೆ ಹಿಡಿಯುವ ಸೇಫ್ಟಿ ಆರ್ಮ್‌ಗಳು ಪೂರ್ತಿ ಕೆಳಗೆ ಕೂತಾಗ ಬಾರ್ ಇರುವ ಎತ್ತರಕ್ಕಿಂತ ಎರಡು ಬೆರಳು ಕೆಳಗಿರಬೇಕು, ಮೊದಲ ಸೆಟ್‌ಗೆ ಮುಂಚೆ ಖಾಲಿ ಬಾರ್ ಹೊತ್ತು ಕೂತು ನೋಡಬೇಕು. ಪ್ಲೇಟ್ ಜಾರದಂತೆ ಎರಡೂ ಕಡೆ ಕಾಲರ್. ಭಾರ ಎತ್ತುವವನ ಗರಿಷ್ಠದ ಶೇಕಡಾ 85 ದಾಟಿದರೆ ಜೊತೆಗಾರರಿಬ್ಬರೂ ಬಾರ್‌ನ ಎರಡು ತುದಿಗೆ, ಕಾರ್ಡ್ ಆಮೇಲೆ. ಇನ್ನೊಂದು ಮುಖ್ಯವಾದದ್ದು: ತನ್ನ ಕಾರ್ಡನ್ನು ತಾನೇ ಯಾರೂ ಬರೆದುಕೊಳ್ಳುವಂತಿಲ್ಲ. ಸೊಂಟದ ಮಡಿಕೆ ಮಂಡಿಗಿಂತ ಕೆಳಗೆ ಬಂದರೆ ಮಾತ್ರ ಜೊತೆಗಾರ ಆ ರೆಪ್ ಬರೆಯುತ್ತಾನೆ. ಹತ್ತೊಂಬತ್ತರ ಹುಡುಗನೊಬ್ಬ ಇಪ್ಪತ್ತೆರಡರ ಸೀನಿಯರ್‌ಗೆ "ಅದು ಮೇಲಿತ್ತು, ಬರೆಯಲ್ಲ" ಅಂತ ಹೇಳುವುದು ಸುಲಭವಲ್ಲ. ಅದಕ್ಕೇ ಮೊದಲ ವಾರ ನಾನು ಸೀನಿಯರ್‌ಗಳನ್ನು ಮಾತ್ರ ಕೂರಿಸಿಕೊಂಡು, ನಿಮ್ಮ ರೆಪ್ ಅನ್ನು ಅವನು ತಳ್ಳಿಹಾಕಿದಾಗ ಅವನ ಬೆನ್ನು ತಟ್ಟಬೇಕು ಅಂತ ಒಪ್ಪಿಸಿಕೊಳ್ಳುತ್ತೇನೆ. ಇದು ಒಂದು ಸಲ ಎಲ್ಲರೆದುರು ನಡೆದರೆ ಸಾಕು, ಮಿಕ್ಕ ರ‍್ಯಾಕ್‌ಗಳು ತಾವೇ ಕಲಿಯುತ್ತವೆ.

ಇನ್ನು ಗೋಡೆಯ ಬೋರ್ಡ್. ನೆಬ್ರಾಸ್ಕಾ ವಿಶ್ವವಿದ್ಯಾಲಯ 1969ರಲ್ಲಿ ಬಾಯ್ಡ್ ಎಪ್ಲಿಯವರನ್ನು ಸಂಬಳಕ್ಕೆ ಸ್ಟ್ರೆಂತ್ ಕೋಚ್ ಆಗಿ ನೇಮಿಸಿಕೊಂಡಿತು. ನಮ್ಮ ವೃತ್ತಿ ಶುರುವಾದದ್ದೇ ಅಲ್ಲಿಂದ ಎನ್ನಬಹುದು. ಟೆಸ್ಟ್ ಮಾಡು, ಅಂಕಿ ಬರೆ, ಗೋಡೆಗೆ ಹಾಕು ಎಂಬ ಪದ್ಧತಿಯನ್ನು ಇಡೀ ದೇಶಕ್ಕೆ ಹರಡಿದವರಲ್ಲಿ ಅವರು ಮೊದಲಿಗರು. ಪದ್ಧತಿ ಒಳ್ಳೆಯದೇ. ಆದರೆ ಅತಿ ಹೆಚ್ಚು ಭಾರ ಎತ್ತಿದ ಹತ್ತು ಜನರ ಹೆಸರನ್ನಷ್ಟೇ ಹಾಕಿದರೆ ಬೋರ್ಡ್ ಆ ಹತ್ತು ಜನರದ್ದು, ಉಳಿದ 95 ಜನರಿಗೆ ಅದು ಬರೀ ಗೋಡೆ. ಶೇಕಡಾವಾರು ಏರಿಕೆ ಹಾಕಿದರೂ ಅನ್ಯಾಯವೇ: ಮೊದಲ ವರ್ಷದವನು 300ರಿಂದ 345ಕ್ಕೆ ಹೋದರೆ ಶೇಕಡಾ 15, ನಾಲ್ಕನೇ ವರ್ಷದವನು 505ರಿಂದ 515ಕ್ಕೆ ಹೋದರೆ ಶೇಕಡಾ 2. ಎರಡನೆಯದರ ಹಿಂದಿರುವ ಬೆವರು ಕಡಿಮೆಯದ್ದಲ್ಲ. ಆದ್ದರಿಂದ ಮೊದಲ ವರ್ಷ, ಎರಡನೇ ವರ್ಷ, ಮೂರು ಮತ್ತು ಮೇಲೆ ಅಂತ ಮೂರು ಕಾಲಂ ಮಾಡಿದ್ದೇನೆ. ಪಕ್ಕದಲ್ಲಿ ನಾಲ್ಕನೇ ಕಾಲಂ ಒಂದಿದೆ, ಅದು ರ‍್ಯಾಕ್‌ನದ್ದು: ಮೂವರ ಕಾರ್ಡೂ ಪೂರ್ತಿಯಾದ ವಾರಗಳ ಎಣಿಕೆ. ಹುಡುಗರು ಬಂದೊಡನೆ ನೋಡುವುದು ಈ ಕಾಲಂ ಅನ್ನೇ.

ಏನನ್ನು ಎಣಿಸುತ್ತೀರೋ ಹುಡುಗರು ಅದನ್ನೇ ಕೊಡುತ್ತಾರೆ, ಅದಕ್ಕೇ ಅಂಕ ಕೊಡುವಾಗ ಎಚ್ಚರ ಬೇಕು. ಭಾರಕ್ಕೆ ಅಂಕ ಕೊಟ್ಟರೆ ಸ್ಕ್ವಾಟ್ ಮೇಲೆಯೇ ನಿಲ್ಲುತ್ತದೆ. ಹಾಜರಿಗೆ ಅಂಕ ಕೊಟ್ಟರೆ ಜ್ವರ ಬಂದವನೂ ಬರುತ್ತಾನೆ, ರ‍್ಯಾಕ್‌ನ ಉಳಿದಿಬ್ಬರಿಗೂ ಹಂಚುತ್ತಾನೆ. ಕಾಯಿಲೆಯವನು, ತಂಡದ ಗಾಯ-ಕಾಯಿಲೆ ನೋಡಿಕೊಳ್ಳುವ ಟ್ರೇನರ್‌ಗೆ ಮೊದಲೇ ಫೋನ್ ಮಾಡಿದ್ದರೆ ಅವನ ಕಾರ್ಡ್ ಪೂರ್ತಿ ಅಂತಲೇ ಲೆಕ್ಕ.

ಎಂಟು ವಾರಗಳಲ್ಲಿ ಅತ್ಯಂತ ಅಪಾಯದ ದಿನ ಮೊದಲನೆಯದು. ರಜೆಯಿಂದ ಬಂದ ದೇಹ ಸಡಿಲವಾಗಿರುತ್ತದೆ, ಆದರೆ ಪ್ರತಿಯೊಬ್ಬನಿಗೂ ತನ್ನನ್ನು ತೋರಿಸಿಕೊಳ್ಳುವ ಆಸೆ, ಕೋಚ್‌ಗೂ ಗಟ್ಟಿ ಯಾರು ಅಂತ ನೋಡುವ ಆಸೆ. 2011ರ ಜನವರಿಯಲ್ಲಿ ಅಯೋವಾ ವಿಶ್ವವಿದ್ಯಾಲಯದಲ್ಲಿ ರಜೆ ಮುಗಿಸಿ ಬಂದ ಆಟಗಾರರಿಂದ ತಮ್ಮ ಗರಿಷ್ಠದ ಶೇಕಡಾ 50 ಭಾರದಲ್ಲಿ 100 ಸ್ಕ್ವಾಟ್ ಮಾಡಿಸಿದ ಮೇಲೆ 13 ಜನ ರ‍್ಯಾಬ್ಡೊಮಯೊಲಿಸಿಸ್ ಆಗಿ ಆಸ್ಪತ್ರೆ ಸೇರಿದರು. ಸ್ನಾಯು ಒಡೆದು ಅದರ ಅಂಶ ರಕ್ತಕ್ಕೆ ಸೇರಿ ಕಿಡ್ನಿಗೆ ಪೆಟ್ಟು ಕೊಡುವ ಸ್ಥಿತಿ ಅದು, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುವುದು ಅದರ ಗುರುತು. 2019ರಲ್ಲಿ ನಮ್ಮ ವೃತ್ತಿಯ ಎರಡು ಸಂಘಟನೆಗಳು ಸೇರಿ ಇಂಥ ಮರಳುವ ವಾರಗಳಿಗೆ ಮಾರ್ಗಸೂಚಿ ಕೊಟ್ಟವು: ಓಟದ ಪ್ರಮಾಣವನ್ನು ಮೊದಲ ವಾರ ಶೇಕಡಾ 50, ಎರಡನೇ ವಾರ 30, ಮೂರನೇ ವಾರ 20, ನಾಲ್ಕನೇ ವಾರ 10 ಕಡಿಮೆ ಮಾಡಬೇಕು. ನನ್ನ ಪೂರ್ತಿ ಓಟ 100 ಗಜದ್ದು 16 ಸಲ. ಹಾಗಾಗಿ ವಾರಗಳು 8, 11, 12, 14 ಅಂತ ಏರುತ್ತವೆ. 15 ಸೆಕೆಂಡ್ ಓಡಿದರೆ ಮೊದಲ ವಾರ 60 ಸೆಕೆಂಡ್ ವಿಶ್ರಾಂತಿ, ಎರಡನೇ ವಾರ 45. ಮೊದಲ ದಿನ ಎಲ್ಲರಿಗೂ "ಇಷ್ಟೇನಾ?" ಅನ್ನಿಸಬೇಕು. ಹಾಗನ್ನಿಸಿದ ಹುಡುಗ ಎರಡನೇ ದಿನ ಬೇಗ ಬರುತ್ತಾನೆ.

ಶಿಕ್ಷೆಯ ಬಗ್ಗೆ ನನ್ನ ನಿಲುವು ಗಟ್ಟಿ. ನಮ್ಮ ಕಡೆ ಶಾಲೆಯಲ್ಲಿ ತಪ್ಪು ಮಾಡಿದವನಿಂದ ಬಸ್ಕಿ ಹೊಡೆಸುತ್ತಾರೆ. ಗರಡಿಮನೆಯಲ್ಲಿ ಅದೇ ಬಸ್ಕಿ ಸಾಧನೆ, ಪೈಲ್ವಾನ ಎಣಿಸಿ ಹೆಮ್ಮೆಪಡುತ್ತಾನೆ. ವೇಟ್ ರೂಮು ಗರಡಿಯಾಗಿಯೇ ಉಳಿಯಬೇಕಾದರೆ ಅಲ್ಲಿ ಒಂದೇ ಒಂದು ಬಸ್ಕಿಯೂ ಶಿಕ್ಷೆಯಾಗಬಾರದು. ತಡವಾಗಿ ಬಂದವನಿಂದ ಹೆಚ್ಚು ಓಡಿಸಿದರೆ ಓಟವೆಂದರೆ ದಂಡ ಅಂತ ಇಡೀ ತಂಡ ಕಲಿಯುತ್ತದೆ. ಅದೂ ಅಲ್ಲದೆ, ಲೆಕ್ಕ ಹಾಕಿ ಕೊಟ್ಟ ಭಾರದ ಮೇಲೆ ಸಿಟ್ಟಿನಲ್ಲಿ ಕೊಟ್ಟ ಭಾರ ಬೀಳುತ್ತದೆ. ನನ್ನಲ್ಲಿ ತಡವಾದವನು ಆ ಹೊತ್ತು ತನ್ನ ರ‍್ಯಾಕ್‌ನಲ್ಲಿ ಎತ್ತುವಂತಿಲ್ಲ. ಸಂಜೆ ಐದೂವರೆಗೆ ಬಂದು ನನ್ನೊಬ್ಬನ ಎದುರು ಅದೇ ಕಾರ್ಡ್ ಮುಗಿಸಬೇಕು. ಬೆಳಿಗ್ಗೆ ಇಬ್ಬರೇ ಪ್ಲೇಟ್ ಹೊತ್ತ ಜೊತೆಗಾರರ ಮುಖವನ್ನು ಮರುದಿನ ಅವನು ನೋಡಬೇಕಲ್ಲ, ಅದಕ್ಕಿಂತ ಹೆಚ್ಚೇನೂ ಬೇಕಿಲ್ಲ. ಆದರೂ ಎರಡನೇ ಸಲ ತಡವಾದರೆ ಮೊದಲು ಕಾರಣ ಕೇಳುತ್ತೇನೆ. ರಾತ್ರಿ ಲ್ಯಾಬ್, ಕೆಲಸ, ಊರಿನಿಂದ ಬಂದ ಕೆಟ್ಟ ಸುದ್ದಿ ಇಂಥದ್ದೇನಾದರೂ ಇದ್ದರೆ ಬ್ಯಾಚ್ ಬದಲಾಯಿಸಿದರೆ ಮುಗಿಯಿತು.

ಓಟದ ದಿನಗಳಲ್ಲಿ ನಿಲ್ಲಿಸುವ ಹಕ್ಕು ಎಲ್ಲರಿಗೂ ಇದೆ. ಜೊತೆಗಾರ ತಡವರಿಸಿದರೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಟ್ಟರೆ ಕೈ ಎತ್ತಬೇಕು, ಓಟ ಅಲ್ಲಿಗೆ ನಿಲ್ಲುತ್ತದೆ. 2018ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಜೋರ್ಡನ್ ಮೆಕ್‌ನೇರ್ ಇಂಥದ್ದೇ ಓಟದ ನಂತರ ಶಾಖಾಘಾತದಿಂದ ತೀರಿಕೊಂಡ. ಅವನಿಗೆ 19 ವರ್ಷ, ಹೊತ್ತಿಗೆ ಸರಿಯಾಗಿ ಅವನನ್ನು ತಣ್ಣೀರಿಗೆ ಇಳಿಸಿರಲಿಲ್ಲ. ಮೊದಲು ತಣ್ಣಗೆ ಮಾಡು, ಆಮೇಲೆ ಆಸ್ಪತ್ರೆಗೆ ಸಾಗಿಸು ಎಂಬುದು ಇದರ ಚಿಕಿತ್ಸೆಯ ಕ್ರಮ. ಅದಕ್ಕಾಗಿ ಬೇಸಿಗೆಯಲ್ಲಿ ಐಸ್ ನೀರು ತುಂಬಿದ ತೊಟ್ಟಿ ಮೈದಾನದ ಅಂಚಿನಲ್ಲೇ ಇರುತ್ತದೆ. ಸಿಕಲ್ ಸೆಲ್ ಟ್ರೇಟ್ ಇರುವ, ಅಂದರೆ ಆ ದೋಷದ ಒಂದು ಜೀನ್ ಹೊತ್ತ ಹುಡುಗರ ಬಗ್ಗೆ ಇನ್ನೂ ಎಚ್ಚರ. ಕರ್ನಾಟಕದ ಗಿರಿಜನರಲ್ಲೂ ಕಂಡುಬರುವ ರಕ್ತದ ದೋಷವದು. ಅಂಥವರು ಓಟದ ಮೊದಲ ಕೆಲವೇ ನಿಮಿಷಗಳಲ್ಲಿ ಕುಸಿಯಬಹುದು, ಅವರು ಕಾಲು ಸೋತಿತು ಅಂದರೆ ಸೋತಿದೆ ಅಂತಲೇ ಅರ್ಥ. ಜೊತೆಗಾರನಿಗಾಗಿ ಕೈ ಎತ್ತಿದವನನ್ನು ನಾನು ಎಲ್ಲರ ಮುಂದೆ ಹೊಗಳುತ್ತೇನೆ, ಆಮೇಲೆ ಅದು ಏನೂ ಅಲ್ಲ ಅಂತ ಗೊತ್ತಾದರೂ ಕೂಡ.

ಗಾಯವಾದವರನ್ನು ಪಕ್ಕಕ್ಕೆ ಕರೆದು ಬೇಸರ ಬರುವಷ್ಟು ದುಡಿಸುವ ಹಳೆಯ ಅಭ್ಯಾಸವೊಂದು ಈ ಕ್ಷೇತ್ರದಲ್ಲಿದೆ. ಗಾಯಕ್ಕೆ ಹೆದರಲಿ ಅಂತ. ಹುಡುಗರು ಹೆದರುವುದೇನೋ ನಿಜ, ಹೆದರಿ ಗಾಯವನ್ನು ಮುಚ್ಚಿಡುತ್ತಾರೆ. ತೊಡೆಯ ಸಣ್ಣ ಸೆಳೆತ, ಸ್ನಾಯು ಹರಿದು ಮೂರು ವಾರದ ಗಾಯವಾಗುತ್ತದೆ. ನನ್ನಲ್ಲಿ ಮಂಡಿ ಆಪರೇಷನ್ ಆದವನೂ ತನ್ನ ರ‍್ಯಾಕ್‌ನಲ್ಲೇ ಇರುತ್ತಾನೆ. ಸ್ಕ್ವಾಟ್ ಇರುವ ಕಡೆ ಟ್ರೇನರ್ ಒಪ್ಪಿದ ಒಂಟಿಕಾಲಿನ ಕೆಲಸ, ಬೆಂಚ್ ಎಂದಿನಂತೆ, ಮತ್ತು ಉಳಿದಿಬ್ಬರ ಕಾರ್ಡ್ ಪೂರ್ತಿ ಅವನ ಕೈಬರಹದಲ್ಲಿ.

ಆಟಗಾರರ ಸಮಿತಿಯಲ್ಲಿ ಒಂಬತ್ತು ಜನ, ತಂಡವೇ ಮತ ಹಾಕಿ ಆರಿಸಿದವರು. ಅವರು ಮೂರು ನಿಯಮ ಬರೆಯುತ್ತಾರೆ, ಶುಕ್ರವಾರದ ಕೊನೆಯ ವ್ಯಾಯಾಮಕ್ಕೆ ಮೂರು ಆಯ್ಕೆ ಕೊಡುತ್ತಾರೆ, ರ‍್ಯಾಕ್‌ಗಳು ಅದರಲ್ಲೊಂದನ್ನು ಆರಿಸಿಕೊಳ್ಳುತ್ತವೆ. ದಂಡ ವಿಧಿಸುವ ಅಧಿಕಾರವನ್ನು ಮಾತ್ರ ನಾನು ಅವರಿಗೆ ಕೊಡುವುದಿಲ್ಲ. ಕೊಟ್ಟ ಕಡೆ ಅದು ಕಿರಿಯರ ಮೇಲಿನ ದಬ್ಬಾಳಿಕೆಯಾಗುತ್ತದೆ.

ಆಟಗಾರರು ಕಾಲೇಜು ಬದಲಾಯಿಸಲು ಹೆಸರು ನೋಂದಾಯಿಸುವ ಟ್ರಾನ್ಸ್‌ಫರ್ ಪೋರ್ಟಲ್ ಬಂದ ಮೇಲೆ, ಅದರಲ್ಲೂ 2021ರಿಂದ ಈಚೆಗೆ, ಜನವರಿಯಲ್ಲಿ ತಂಡದ ದೊಡ್ಡ ಪಾಲು ಹೊಸಬರೇ. ಹೆಸರು, ಮುಖ ಬಳಸಿಕೊಳ್ಳಲು ಕಂಪನಿಗಳು ಕೊಡುವ ಪ್ರಚಾರದ ಹಣ ಒಬ್ಬನಿಗೆ ಬರುತ್ತದೆ, ಪಕ್ಕದವನಿಗೆ ಬರುವುದಿಲ್ಲ. ನಾಲ್ಕು ವರ್ಷ ಒಟ್ಟಿಗಿದ್ದು ತಾನಾಗಿ ಬೆಳೆಯುತ್ತಿದ್ದ ಸಲಿಗೆಗೆ ಈಗ ಕಾಯುವ ಹಾಗಿಲ್ಲ, ಹತ್ತು ದಿನದಲ್ಲಿ ಕೂರಬೇಕು. ಅದಕ್ಕೇ ನಿಯಮಗಳು ಒಂದೇ ಹಾಳೆಯಲ್ಲಿವೆ, ಮತ್ತು ಹೊಸಬನಿಗೆ ಸೇಫ್ಟಿ ಆರ್ಮ್ ಹಾಕುವುದನ್ನು ಕೋಚ್ ಕಲಿಸುವುದಿಲ್ಲ, ರ‍್ಯಾಕ್‌ನ ಹಳಬ ಕಲಿಸುತ್ತಾನೆ.

ಎಂಟನೇ ವಾರದ ಶುಕ್ರವಾರ ಟೆಸ್ಟ್. ಅಂದು ಮೂರೂ ಬ್ಯಾಚ್ ಒಟ್ಟಿಗೆ, ಗದ್ದಲ ಜಾತ್ರೆಯಂತೆ ಇರುತ್ತದೆ. ಆ ಗದ್ದಲವೇ ಹುಡುಗನಿಗೆ ಬಲವನ್ನೂ ಕೊಡುತ್ತದೆ, ಲೆಕ್ಕವನ್ನೂ ತಪ್ಪಿಸುತ್ತದೆ. ಹಾಗಾಗಿ ಮೂರೇ ಪ್ರಯತ್ನ. ಮೊದಲನೆಯದು ಅವನು ಯಾವ ದಿನವಾದರೂ ಮೂರು ಸಲ ಎತ್ತಬಲ್ಲ ಭಾರವಾಗಿರಬೇಕು. ಎರಡನೆಯದರಲ್ಲಿ ಬಾರ್‌ಗೆ ಕಟ್ಟಿದ ಸೆನ್ಸರ್ ಸೆಕೆಂಡಿಗೆ 0.35 ಮೀಟರ್‌ಗಿಂತ ಕಡಿಮೆ ತೋರಿಸಿದರೆ ಮೂರನೆಯದು ಇಲ್ಲ, ಅವನು ಆಗಲೇ ತನ್ನ ಮಿತಿಯ ಹತ್ತಿರ ಬಂದಿರುತ್ತಾನೆ. ವೇಗ ಚೆನ್ನಾಗಿದ್ದರೂ ಮೂರನೇ ಪ್ರಯತ್ನದ ಚೀಟಿಗೆ ಅವನ ಇಬ್ಬರು ಜೊತೆಗಾರರೂ ಸಹಿ ಹಾಕಬೇಕು. ಎಂಟು ವಾರ ಅವನ ಪ್ರತಿ ರೆಪ್ ನೋಡಿದವರು ಅವರೇ.